ಸಿಂಗಪುರದ ಹಾಕರ್ ಸೆಂಟರಿನಲ್ಲಿ ಸಸ್ಯಾಹಾರಿಗೆ ಕಡಿಮೆ ಖರ್ಚಿನ ಊಟ ಎಲ್ಲಿ?

ಹೊಸದಾಗಿ ಬಂದವನು:
ನಮಸ್ಕಾರ. ಕಳೆದ ತಿಂಗಳು ಮೈಸೂರಿನಿಂದ ಬಂದು ತಂಜೋಂಗ್ ಪಗಾರ್ ಬಳಿಯ ಕಚೇರಿಯೊಂದಕ್ಕೆ ಸೇರಿದ್ದೇನೆ. ರೆಸ್ಟೋರೆಂಟಿನಲ್ಲಿ ಊಟದ ಬೆಲೆಗೆ ಶೇ. 10 ಸೇವಾ ಶುಲ್ಕವೂ ಶೇ. 9 ಜಿಎಸ್‌ಟಿಯೂ ಸೇರುವುದರಿಂದ ಪ್ರತಿದಿನ ಅಲ್ಲಿಗೆ ಹೋಗುವುದು ಸಾಧ್ಯವಿಲ್ಲ. ಸಹೋದ್ಯೋಗಿಗಳೊಡನೆ ಹಾಕರ್ ಸೆಂಟರಿಗೆ, ಅಂದರೆ ಹಲವು ಚಿಕ್ಕ ಊಟದ ಅಂಗಡಿಗಳು ಒಂದೇ ಸೂರಿನಡಿ ಇರುವ ಕಟ್ಟಡಕ್ಕೆ ಹೋಗಿ, ಅನ್ನದ ಜೊತೆ ಬೀನ್ಸ್ ಮತ್ತು ತೋಫು ಹಾಕಿಸಿಕೊಂಡೆ. ಅರ್ಧ ಉಂಡ ಮೇಲೆ ತೋಫುವಿನ ಗೊಜ್ಜಿನಲ್ಲಿ ಕೊಚ್ಚಿದ ಮಾಂಸ ಕಂಡಿತು. ನಾನು ಮೊಟ್ಟೆಯನ್ನೂ ತಿನ್ನುವುದಿಲ್ಲ. 6 ಡಾಲರಿನೊಳಗೆ ನೆಮ್ಮದಿಯಿಂದ ಉಣ್ಣುವ ದಾರಿಯಿದ್ದರೆ ದಯವಿಟ್ಟು ತಿಳಿಸಿ.

ತೆಕ್ಕಾ ನೆರೆಯವಳು:
ತಾವು ಹೋದದ್ದು ಇಲ್ಲಿನವರು 'ಚಾಯ್ ಪಂಗ್' ಎನ್ನುವ ಮಿಶ್ರ ಪಲ್ಯದ ಅಂಗಡಿಯಾಗಿರಬೇಕು. ಅಲ್ಲಿ ಮಾಂಸದ ತುಂಡು ಕಾಣದಿದ್ದರೂ ಸೊಪ್ಪಿಗೆ ಚಿಪ್ಪುಮೀನಿನಿಂದ ಮಾಡುವ ಆಯ್ಸ್ಟರ್ ಸಾಸ್, ಸಂಬಾಲ್ ಎಂಬ ಮೆಣಸಿನಕಾಯಿ ಚಟ್ನಿಗೆ ಸಿಗಡಿಯನ್ನು ಅರೆದು ಮಾಡಿದ ಬೆಲಾಚಾನ್ ಬಿದ್ದಿರುತ್ತದೆ. 'ಮಾಂಸ ಬೇಡ' ಎಂದರೆ ಮಾರುವವರು ತುಂಡುಗಳನ್ನಷ್ಟೇ ಬಿಟ್ಟು ಬಡಿಸುತ್ತಾರೆ, ಅದರಲ್ಲಿ ಅವರ ತಪ್ಪೇನೂ ಇಲ್ಲ. ಅದರ ಬದಲು ಫಲಕದಲ್ಲಿ ಚೀನೀ ಭಾಷೆಯ 'ಸು' ಅಕ್ಷರವಿರುವ ಬೌದ್ಧ ಸಸ್ಯಾಹಾರದ ಅಂಗಡಿಯನ್ನು ಹುಡುಕಿ. ಅಲ್ಲಿ ಸಾಮಾನ್ಯವಾಗಿ ಈರುಳ್ಳಿ, ಬೆಳ್ಳುಳ್ಳಿಯನ್ನೂ ಬಳಸುವುದಿಲ್ಲವಾದ್ದರಿಂದ ನಮ್ಮ ಅಜ್ಜಿಯವರ ಮಡಿಯಡುಗೆಗೂ ಅದು ದೂರದ್ದೇನಲ್ಲ. ಬೀ ಹೂನ್ ಎಂಬ ಹುರಿದ ಅಕ್ಕಿ ಶಾವಿಗೆಗೆ ಎರಡು ಪಲ್ಯ ಹಾಕಿಸಿಕೊಂಡರೆ ನನಗೆ 4ರಿಂದ 5 ಡಾಲರಿನೊಳಗೆ ಹೊಟ್ಟೆ ತುಂಬುತ್ತದೆ. ಗೋಧಿಯ ಅಂಟು ಮತ್ತು ಸೋಯಾದಿಂದ ಮಾಡಿದ ಹುಸಿ ಮಾಂಸದಲ್ಲಿ ಮೊಟ್ಟೆಯ ಬಿಳಿಭಾಗವಿರುವುದುಂಟು, ಅದನ್ನು ಮಾತ್ರ ಕೇಳಿಯೇ ತೆಗೆದುಕೊಳ್ಳಿ.

ಹಳೆಯ ನಿವಾಸಿ:
ನಿಮ್ಮ ಕಚೇರಿಯಿಂದ ಅಮೋಯ್ ಸ್ಟ್ರೀಟ್ ಮತ್ತು ಮ್ಯಾಕ್ಸ್‌ವೆಲ್ ಎರಡೂ ಫುಡ್ ಸೆಂಟರ್‌ಗಳು ನಡಿಗೆಯ ದೂರದಲ್ಲಿವೆ. ಹನ್ನೆರಡಕ್ಕೆ ಇಡೀ ಕಚೇರಿ ಪ್ರಪಂಚವೇ ಅಲ್ಲಿಗೆ ಇಳಿಯುವುದರಿಂದ ಹನ್ನೊಂದೂವರೆಗೇ ಹೊರಡುವುದು ಜಾಣತನ. ಮೇಜಿನ ಮೇಲೆ ಟಿಶ್ಯೂ ಪೊಟ್ಟಣ ಕಂಡರೆ ಯಾರೋ ಮರೆತದ್ದೆಂದು ಭಾವಿಸಬೇಡಿ; ಅದು 'ಚೋಪ್', ಅಂದರೆ ಬಸ್ಸಿನ ಕಿಟಕಿಯಿಂದ ಸೀಟಿಗೆ ಟವೆಲ್ ಎಸೆಯುವ ನಮ್ಮೂರಿನ ಪದ್ಧತಿಯೇ. ಉಂಡ ತಟ್ಟೆಯನ್ನು ನೀವೇ ಹಿಂತಿರುಗಿಸಬೇಕು: 2021ರ ಸೆಪ್ಟೆಂಬರ್‌ನಿಂದ ಮೊದಲ ಸಲ ಲಿಖಿತ ಎಚ್ಚರಿಕೆ, ಎರಡನೆಯ ಸಲ 300 ಡಾಲರ್ ದಂಡ. ಹಲಾಲ್ ತಟ್ಟೆಗಳಿಗೆ ಬೇರೆ ಕಪಾಟಿರುತ್ತದೆ, ಬೆರೆಸಬೇಡಿ.

ಹೊಸದಾಗಿ ಬಂದವನು:
ಇಬ್ಬರಿಗೂ ಧನ್ಯವಾದಗಳು. ಇಷ್ಟು ದುಬಾರಿ ನಗರದಲ್ಲಿ ಈ ಬೆಲೆ ಹೇಗೆ ನಿಲ್ಲುತ್ತದೆ? ದೋಸೆ ತಿನ್ನಬೇಕೆನಿಸಿದರೆ ಎಲ್ಲಿಗೆ ಹೋಗಬೇಕು?

ಹಳೆಯ ನಿವಾಸಿ:
ಬೀದಿಯಲ್ಲಿ ಮಾರುತ್ತಿದ್ದವರನ್ನು ಸರ್ಕಾರ 1970ರ ದಶಕದಲ್ಲಿ ಈ ಕಟ್ಟಡಗಳಿಗೆ ಸ್ಥಳಾಂತರಿಸಿತು. ಆ ಮೊದಲ ತಲೆಮಾರಿನವರಿಗೆ ರಿಯಾಯಿತಿ ಬಾಡಿಗೆಯಿದೆ. ಬಹುಪಾಲು ಅಂಗಡಿಗಳ ವಹಿವಾಟು ಜಿಎಸ್‌ಟಿ ನೋಂದಣಿಯ ಮಿತಿಯೊಳಗಿದೆ, ಸೇವಾ ಶುಲ್ಕವಂತೂ ಇಲ್ಲವೇ ಇಲ್ಲ. ಆದರೆ ಹೊಸಬರು ಹೆಚ್ಚಿನ ಬಾಡಿಗೆ ಕೊಡುತ್ತಿದ್ದಾರೆ, ಹಳಬರಿಗೆ ವಯಸ್ಸಾಗುತ್ತಿದೆ. ಆದ್ದರಿಂದ ಇದೇ ಬೆಲೆ ಬಹುಕಾಲ ಉಳಿಯುತ್ತದೆಂದು ನಾನು ನಂಬುವುದಿಲ್ಲ.

ತೆಕ್ಕಾ ನೆರೆಯವಳು:
ದೋಸೆಗೆ ಲಿಟಲ್ ಇಂಡಿಯಾದ ತೆಕ್ಕಾ ಸೆಂಟರ್. ಊಟದ ವಿರಾಮದಲ್ಲಿ ಹೋಗಿಬರುವಷ್ಟು ಹತ್ತಿರವಲ್ಲ, ಶನಿವಾರಕ್ಕೆ ಇಟ್ಟುಕೊಳ್ಳಿ. ಫಲಕದಲ್ಲಿ 'ತೋಸೈ' ಎಂದಿರುತ್ತದೆ. ಮೀನಿನ ಸಾರು ಕೊಡುವ ಅಂಗಡಿಗಳೂ ಇವೆ, ಆದ್ದರಿಂದ ಸಾಂಬಾರನ್ನು ಮಾತ್ರ ಹಾಕಿಸಿಕೊಳ್ಳಿ. ಸೋಮವಾರ ಹಲವು ಅಂಗಡಿಗಳು ಮುಚ್ಚಿರುತ್ತವೆ.