ಸಹಾಯ ಬೇಕು: ಬಡ್ಡಿಯಿಲ್ಲದ ಸಾಲದ ನಿಧಿ ಶುರು ಮಾಡಬೇಕಿದೆ

ನ್ಯೂಯಾರ್ಕ್ ಸುತ್ತಮುತ್ತಲಿನ ಕನ್ನಡಿಗರಿಗೆ ನಮಸ್ಕಾರ. ನನ್ನ ಯಹೂದಿ ಸಹೋದ್ಯೋಗಿಗೆ ಇನ್ನೂ ಮೂವತ್ತು ದಾಟಿಲ್ಲ. ಆಗಲೇ ತಮ್ಮ ಸಮುದಾಯದ ದತ್ತಿನಿಧಿಯ ಯುವ ಸಮಿತಿಯಲ್ಲಿದ್ದಾಳೆ. ಸುಮ್ನೆ ಚೆಕ್ ಬರೆಯೋದಲ್ಲ. ಅರ್ಜಿಗಳನ್ನು ಓದಿ, ಯಾರಿಗೆ ಎಷ್ಟು ಕೊಡಬೇಕು ಅಂತ ಹಿರಿಯರ ಎದುರು ವಾದಿಸುತ್ತಾಳೆ. ಇಲ್ಲಿನ ಹೀಬ್ರೂ ಫ್ರೀ ಲೋನ್ ಸೊಸೈಟಿಯ ಬಗ್ಗೆ ಹೇಳಿದ್ದೂ ಅವಳೇ. 1892ರಲ್ಲಿ ಹುಟ್ಟಿದ ಸಂಸ್ಥೆ. ಜಾಮೀನು ಕೇಳುತ್ತಾರೆ, ಬಡ್ಡಿ ಕೇಳುವುದಿಲ್ಲ. ಯಾವ ಧರ್ಮದವರೂ ಅರ್ಜಿ ಹಾಕಬಹುದು. ದಾನಕ್ಕೆ ಎಂಟು ಮೆಟ್ಟಿಲು ಹೇಳಿದ ಮಧ್ಯಯುಗದ ಯಹೂದಿ ವಿದ್ವಾಂಸ ಮೈಮೊನಿಡೀಸ್, ಒಬ್ಬರನ್ನು ಸ್ವಂತ ಕಾಲ ಮೇಲೆ ನಿಲ್ಲಿಸುವ ಸಾಲವನ್ನು ಎಲ್ಲಕ್ಕಿಂತ ಮೇಲಿಟ್ಟಿದ್ದ. ಎಷ್ಟು ಸರಿ ಅಲ್ವಾ?

ಕೆಲಸ ಹೋಗಿ ಒದ್ದಾಡುವ ನಮ್ಮವರಿಗಾಗಿ ಇಂಥದ್ದೇ ಸಣ್ಣ ನಿಧಿ ಕಟ್ಟುವ ಆಸೆ ನಮ್ಮದು. ಲಾಭರಹಿತ ಸಂಸ್ಥೆಯ ನೋಂದಣಿ, ಸಾಲದ ಕಾಗದಪತ್ರ ಬಲ್ಲ ವಕೀಲರು ಇದ್ದೀರಾ? ಇಂಥ ಸಮಿತಿಯಲ್ಲಿ ಕೂತವರಿದ್ದರಂತೂ ತುಂಬಾ ಒಳ್ಳೇದು. ದಯವಿಟ್ಟು ಮೆಸೇಜ್ ಮಾಡಿ.