ಅಪ್ಪನ ಫೈಬ್ರೋಸ್ಕ್ಯಾನ್ 11.8 ಬಂದಿದೆ, ಇದು ಸಿರೋಸಿಸ್ಸಾ (ಲಿವರ್ ಕಲೆಗಟ್ಟಿ ಗಡುಸಾಗೋ ಕಾಯಿಲೆ)?

ಮಲೆನಾಡ_ಹುಡುಗ:
ಅಪ್ಪನಿಗೆ 58. ಶುಗರ್ ಇದೆ, ಕುಡಿಯೋ ಅಭ್ಯಾಸ ಇಲ್ಲ. ಹೊಟ್ಟೆ ಸ್ಕ್ಯಾನಿಂಗ್‌ನಲ್ಲಿ ಗ್ರೇಡ್ 2 ಫ್ಯಾಟಿ ಲಿವರ್ ಅಂತ ಬಂತು. ಆಮೇಲೆ ಲಿವರ್ ಎಷ್ಟು ಗಡುಸಾಗಿದೆ ಅಂತ ಅಳೆಯೋ ಫೈಬ್ರೋಸ್ಕ್ಯಾನ್ ಬರೆದುಕೊಟ್ಟರು. ರಿಪೋರ್ಟಲ್ಲಿ 11.8 ಕಿಲೋಪಾಸ್ಕಲ್, ಕ್ಯಾಪ್ 312, ಐಕ್ಯೂಆರ್ 34% ಅಂತಿದೆ. ರಕ್ತ ಪರೀಕ್ಷೆಯಲ್ಲಿ ಲಿವರ್ ಎನ್‌ಜೈಮ್‌ಗಳಾದ ಎಸ್‌ಜಿಒಟಿ 46, ಎಸ್‌ಜಿಪಿಟಿ 58, ಪ್ಲೇಟ್‌ಲೆಟ್ 2.1 ಲಕ್ಷ. ಡಾಕ್ಟ್ರು ಸಿಗೋದು ಮುಂದಿನ ವಾರ. ಅಮ್ಮ ಸರಿಯಾಗಿ ಊಟಾನೇ ಮಾಡ್ತಿಲ್ಲ. ಗೊತ್ತಿರೋರು ಹೇಳಿ.

ತುಂಗಾತೀರ:
ಅಮೃತಬಳ್ಳಿ ಕಷಾಯ ಶುರು ಮಾಡಿಸಿ. ನಮ್ಮ ಚಿಕ್ಕಪ್ಪನಿಗೆ ಗುಣ ಕಂಡಿದೆ.

ಸ್ಕ್ಯಾನ್_ರೂಮಿನ_ಅಕ್ಕ:
ಕಷಾಯ ಈಗ ಬೇಡ ದಯವಿಟ್ಟು. ಕೋವಿಡ್ ಸಮಯದಲ್ಲಿ ಅಮೃತಬಳ್ಳಿ ಕುಡಿದು ಲಿವರ್‌ಗೆ ಪೆಟ್ಟಾದ ಕೇಸುಗಳು ನಮ್ಮ ದೇಶದಲ್ಲೇ ವರದಿಯಾಗಿವೆ.

ತಮ್ಮಾ, ನಾನು ಈ ಸ್ಕ್ಯಾನ್ ಮಾಡೋಳು. ನಿಮ್ಮ ರಿಪೋರ್ಟಲ್ಲಿ ನನ್ನ ಕಣ್ಣು ಹೋಗಿದ್ದು 11.8ರ ಮೇಲಲ್ಲ, ಆ 34ರ ಮೇಲೆ. ಬಲಗೈ ತಲೆಯ ಹಿಂದೆ ಇಡಿಸಿ, ಪಕ್ಕೆಲುಬಿನ ಸಂದಿಯಲ್ಲಿ ಪ್ರೋಬ್ ಒತ್ತಿ ಬಟನ್ ಅಮುಕಿದರೆ ಟಕ್ ಅಂತ ಸಣ್ಣ ಪೆಟ್ಟು ಬೀಳುತ್ತೆ. ಆ ಅಲೆ ಲಿವರ್ ಒಳಗೆ ಎಷ್ಟು ವೇಗವಾಗಿ ಓಡುತ್ತೆ ಅನ್ನೋದನ್ನ ಅಲ್ಟ್ರಾಸೌಂಡ್ ಅಳೆಯುತ್ತೆ. ಲಿವರ್ ಗಡುಸಾದಷ್ಟೂ ವೇಗ ಜಾಸ್ತಿ. ಹೀಗೆ ಕನಿಷ್ಠ 10 ಸಲ ಅಳೆದು ನಡುವಿನ ಸಂಖ್ಯೆ ಬರೀತೀವಿ. ಒಂದಕ್ಕೊಂದು ಎಷ್ಟು ಹೊಂದಿಲ್ಲ ಅಂತ ತೋರಿಸೋದೇ ಐಕ್ಯೂಆರ್. ಅದು 30% ದಾಟಿದ್ರೆ ಆ ಅಳತೆಯನ್ನ ಅಷ್ಟಾಗಿ ನಂಬೋ ಹಾಗಿಲ್ಲ.

ತಂದೆಯವರು ತಿಂಡಿ ತಿಂದು ಹೋಗಿದ್ರಾ? ಹೊಟ್ಟೆ ದಪ್ಪ ಇದೆಯಾ?

ಮಲೆನಾಡ_ಹುಡುಗ:
ಹೌದು ಅಕ್ಕ, ಶುಗರ್ ಇಳಿಯುತ್ತೆ ಅಂತ ಇಡ್ಲಿ ವಡೆ ತಿನ್ನಿಸಿ ಕರ್ಕೊಂಡು ಹೋಗಿದ್ವಿ. ಯಾರೂ ಖಾಲಿ ಹೊಟ್ಟೆ ಅಂತ ಹೇಳಲಿಲ್ಲ. ಹೊಟ್ಟೆನೂ ಇದೆ.

ಸ್ಕ್ಯಾನ್_ರೂಮಿನ_ಅಕ್ಕ:
ತಿಂದ ಮೇಲೆ ಲಿವರ್‌ಗೆ ರಕ್ತದ ಹರಿವು ಏರುತ್ತೆ, ಅಳತೆಯೂ ಏರುತ್ತೆ. ಕನಿಷ್ಠ 3 ಗಂಟೆ ಏನೂ ತಿಂದಿರಬಾರದು. ಕಾಮಾಲೆ ಇದ್ರೂ, ಹಾರ್ಟ್ ಫೇಲ್ಯೂರ್ ಇದ್ರೂ ಹೀಗೇ ಸುಳ್ಳು ಏರಿಕೆ ತೋರಿಸುತ್ತೆ. ಫ್ಯಾಟಿ ಲಿವರ್‌ನಲ್ಲಿ 8ರ ಒಳಗಿದ್ರೆ ಸಾಮಾನ್ಯವಾಗಿ ನಿರಾಳ, 8ರಿಂದ 12 ಅನುಮಾನದ ಜಾಗ. ಇದೊಂದನ್ನೇ ಇಟ್ಕೊಂಡು ಸಿರೋಸಿಸ್ ಅನ್ನೋಕಾಗಲ್ಲ, ಅಮ್ಮನಿಗೆ ಹೇಳಿ. ಕ್ಯಾಪ್ 312 ಅಂದ್ರೆ ಕೊಬ್ಬು ಚೆನ್ನಾಗೇ ಸೇರಿದೆ, ಅದನ್ನ ಹಗುರವಾಗಿ ತಗೋಬೇಡಿ.

ಲ್ಯಾಬ್_ಕೋಟು:
ಅವರ ವಯಸ್ಸು, ರಕ್ತದ ರಿಪೋರ್ಟಿಂದ ಫಿಬ್-4 (ಲಿವರ್ ಎಷ್ಟು ಕಲೆಗಟ್ಟಿರಬಹುದು ಅಂತ ಅಂದಾಜು ಮಾಡೋ ಅಂಕ) ಲೆಕ್ಕ ಹಾಕಿದೆ, ಸುಮಾರು 1.67. 1.3ಕ್ಕಿಂತ ಕಮ್ಮಿ ಇದ್ದಿದ್ರೆ ಸಮಾಧಾನ, 2.67 ದಾಟಿದ್ರೆ ಚಿಂತೆ. ಇವರದ್ದು ನಡುವೆ ಇದೆ. ಹಾಗಾಗಿ ಸ್ಕ್ಯಾನ್ ಸರಿಯಾಗಿ ಆಗೋದು ಮುಖ್ಯ.

ಸ್ಕ್ಯಾನ್_ರೂಮಿನ_ಅಕ್ಕ:
ಹೌದು, ಅದಕ್ಕೇ ಡಾಕ್ಟ್ರ ಹತ್ರ ಮತ್ತೊಮ್ಮೆ ಮಾಡಿಸೋ ವಿಷಯ ಕೇಳಿ. ಬೆಳಗಿನ ಮೊದಲ ಸರದಿ ತಗೊಳ್ಳಿ. ಹೊಟ್ಟೆ ಇರೋದ್ರಿಂದ ಎಕ್ಸ್‌ಎಲ್ ಪ್ರೋಬ್ ಇದೆಯಾ ಅಂತ ಮೊದಲೇ ಫೋನ್ ಮಾಡಿ ವಿಚಾರಿಸಿ. ಅವತ್ತು ಬೆಳಿಗ್ಗೆ ಶುಗರ್ ಮಾತ್ರೆ ತಗೋಬೇಕಾ ಬೇಡವಾ ಅಂತ ಡಾಕ್ಟ್ರನ್ನೇ ಕೇಳ್ಕೊಳ್ಳಿ, ನೀವಾಗೇ ಬಿಡಿಸಬೇಡಿ. ಸ್ಕ್ಯಾನ್ ಮುಗಿದ ತಕ್ಷಣ ಅಪ್ಪನಿಗೆ ತಿನ್ನೋಕೆ ಡಬ್ಬಿಯಲ್ಲಿ ಏನಾದ್ರೂ ಕಟ್ಕೊಂಡು ಹೋಗಿ.