ಪದಚರ್ಚೆ: ಆಟದ ಬಟನ್ ಮೇಲೆ ‘ನಾಗರಿಕತೆ’ಯೋ, ‘ನಾಡವರೋ’?

ದಾವಣಗೆರೆಯಿಂದ:

ಎಲ್ಲರಿಗೂ ನಮಸ್ಕಾರ. ನಾಳೆ ಬೆಳಗಾಗುವುದರೊಳಗೆ ಒಂದು ಪದ ಬೇಕು. ‘ಏಜ್ ಆಫ್ ಎಂಪೈರ್ಸ್’ ಥರದ ಹಳೇ ಕಂಪ್ಯೂಟರ್ ಆಟವೊಂದನ್ನು ಗೆಳೆಯರು ಹೊಸದಾಗಿ ಕಟ್ಟುತ್ತಿದ್ದಾರೆ, ಕನ್ನಡದ ಪಠ್ಯ ನನ್ನ ಪಾಲಿಗೆ ಬಂದಿದೆ. ಆಟಕ್ಕೆ ಮೊದಲು ಒಂದು ‘ಸಿವಿಲೈಜೇಶನ್’ ಆರಿಸಬೇಕು. 1997ರ ಆಟದಲ್ಲಿ 12 ಇದ್ದವು: ಈಜಿಪ್ಟ್, ಗ್ರೀಕ್, ಬ್ಯಾಬಿಲೋನ್, ಅಸ್ಸೀರಿಯ, ಸುಮೇರ್, ಹಿಟ್ಟೈಟ್, ಫಿನೀಷಿಯ, ಮಿನೋವನ್, ಪರ್ಷಿಯ, ಷಾಂಗ್, ಚೋಸನ್, ಯಮಾಟೊ. ನಮ್ಮವರು ಇದನ್ನು ಎಂಟಕ್ಕೆ ಇಳಿಸಿ, ಜೊತೆಗೆ ನಮ್ಮ ಕಡೆಯವರು ಒಬ್ಬರಾದರೂ ಇರಲಿ, ಸಾತವಾಹನರು ಆಗಬಹುದಾ ಅಂತ ಕೇಳ್ತಿದ್ದಾರೆ. ಯಂತ್ರಾನುವಾದ ‘ಸಭ್ಯತೆಯನ್ನು ಆರಿಸಿ’ ಅಂತ ಕೊಟ್ಟಿದೆ, ಅದು ಆಗದು. ‘ನಾಗರಿಕತೆ’ ಬಟನ್ನಿನಲ್ಲಿ ಹಿಡಿಸುತ್ತೆ. ಆದರೆ ‘ಹಿಟ್ಟೈಟ್ ನಾಗರಿಕತೆ ನಿಮ್ಮ ಮೇಲೆ ದಾಳಿ ಮಾಡಿದೆ’ ಅಂದರೆ ಕಿವಿಗೆ ಒಗ್ಗುತ್ತಿಲ್ಲ. ಏನು ಹಾಕಲಿ?

ಹರಿಹರದಿಂದ:

‘ಸಭ್ಯತೆ’ಗೆ ಆ ಅರ್ಥ ಹಿಂದಿಯಲ್ಲಿ. ಕನ್ನಡದಲ್ಲಿ ಅದು ಒಳ್ಳೆಯ ನಡತೆ. ತೆಗೆದುಹಾಕಿ. ‘ನಾಗರಿಕತೆ’ ಶಾಲೆ ಪುಸ್ತಕದಲ್ಲೇ ಇದೆ. ತೆಲುಗು, ಮಲಯಾಳದಲ್ಲೂ ಅದೇ, ತಮಿಳಿನಲ್ಲಿ ‘ನಾಗರಿಕಮ್’. ಚರ್ಚೆ ಅನಗತ್ಯ.

ಹೊಳಲ್ಕೆರೆಯಿಂದ:

ಚರ್ಚೆ ಬೇಕೇ ಬೇಕು. ‘ನಗರ’ದ ಬೇರು ನಮ್ಮದೇ ಎಂದು ನಾನು ನಂಬಿದ್ದೇನೆ. ಹಳೆ ತಮಿಳಿನ ‘ನಕರ್’ ನೋಡಿ, ಮನೆ, ಅರಮನೆ, ಪಟ್ಟಣ ಮೂರೂ ಅದರಲ್ಲಿದೆ. ಆದರೆ ‘ಇಕ’, ‘ತೆ’ ಅಂಟಿಕೊಂಡ ಮೇಲೆ ಅದು ಪೂರಾ ಸಕ್ಕದ, ಅಂದರೆ ಸಂಸ್ಕೃತ. ಪಟ್ಟಣಕ್ಕೆ ಹಳಗನ್ನಡದಲ್ಲಿ ‘ಪೊೞಲ್’ ಇತ್ತು. ‘ಹೊಳಲು’ ಆಗಿ ನಮ್ಮೂರ ಹೆಸರಿನಲ್ಲಿ ಇವತ್ತಿಗೂ ಇದೆ. ಅದಕ್ಕೆ ‘ಇಕೆ’ ಸೇರಿಸಿ. ‘ಹೊಳಲಿಕೆ ಆರಿಸಿ.’

ಚಿತ್ರದುರ್ಗದಿಂದ:

‘ಹೊಳಲಿಕೆ’ ಬೇಡ. ಕೇಳಿದವರಿಗೆ ನೆನಪಾಗುವುದು ಹೊಳಪು, ಹೊಳೆ. ಅಲ್ಲದೆ ನಗರದಿಂದ ಹೊರಟರೂ ಹೊಳಲಿನಿಂದ ಹೊರಟರೂ ತೊಡಕು ಒಂದೇ, ಎರಡಕ್ಕೂ ಪಟ್ಟಣ ಬೇಕು. ಈ ಆಟ ಶುರುವಾಗುವುದು ಶಿಲಾಯುಗದಲ್ಲಿ. ಬೆರಳೆಣಿಕೆಯ ಹಳ್ಳಿಗರು ಹಣ್ಣು ಕೀಳುತ್ತಾ ಮರ ಕಡಿಯುತ್ತಾ ಇರುತ್ತಾರೆ.

ನಮ್ಮ ಜಿಲ್ಲೆಯಲ್ಲೇ ಈ ಭೇದ ಕಣ್ಣಿಗೆ ಕಾಣುತ್ತೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿಯನ್ನು 1947ರಲ್ಲಿ ಮಾರ್ಟಿಮರ್ ವೀಲರ್ ಅಗೆಸಿದಾಗ ಕೆಳಗಿನ ಪದರದಲ್ಲಿ ನುಣುಪಾಗಿ ಉಜ್ಜಿದ ಕಲ್ಗೊಡಲಿ ಸಿಕ್ಕವು. ಅದರ ಮೇಲೆ ಬೃಹತ್ ಶಿಲಾ ಗೋರಿ ಕಟ್ಟಿದವರ ಪದರ, ಅದಕ್ಕೂ ಮೇಲೆ ಸಾತವಾಹನರ ಕಾಲದ್ದು. ಕೆಳಗಿನ ಎರಡಕ್ಕೂ ನಮ್ಮ ಪುಸ್ತಕಗಳಲ್ಲಿ ‘ಸಂಸ್ಕೃತಿ’ ಅಂತಲೇ ಇರುತ್ತದೆ. ‘ನಾಗರಿಕತೆ’ ಎಂಬ ಮಾತು ಹರಪ್ಪಕ್ಕೆ, ಅಲ್ಲಿ ಪಟ್ಟಣ, ಚರಂಡಿ, ತೂಕದ ಕಲ್ಲು ಎಲ್ಲ ಇದ್ದವು.

ಹೀಗಾಗಿ ಪದ ಆರಿಸಿದ ಕೂಡಲೇ ನಿಮ್ಮ ಪಟ್ಟಿಯೂ ಅರ್ಧ ತೀರ್ಮಾನವಾಗುತ್ತೆ. ‘ನಾಗರಿಕತೆ’ ಎಂದು ಬರೆದರೆ ಸಾತವಾಹನರಿಗೆ ಜಾಗ ಇಲ್ಲ, ಅದು ರಾಜವಂಶ ಅಂತ ನಾಳೆ ಯಾರಾದರೂ ತಗಾದೆ ತೆಗೀತಾರೆ. ಷಾಂಗ್ ಕೂಡ ರಾಜವಂಶವೇ. ಬ್ಯಾಬಿಲೋನ್ ಒಂದು ಊರು. ಮಿನೋವನ್ ಅನ್ನುವುದಂತೂ ಕ್ರೀಟ್ ದ್ವೀಪದ ಜನ ತಾವೇ ಇಟ್ಟುಕೊಂಡ ಹೆಸರೇ ಅಲ್ಲ. 1900ರಲ್ಲಿ ಕ್ನೋಸಸ್ ಅಗೆಯಲು ತೊಡಗಿದ ಆರ್ಥರ್ ಇವಾನ್ಸ್, ಪುರಾಣದ ಮಿನೋಸ್ ರಾಜನ ಹೆಸರಿನಿಂದ ಅದನ್ನು ಬಳಕೆಗೆ ತಂದರು. ಪಟ್ಟಿ ಮೊದಲಿನಿಂದಲೂ ಕಲಬೆರಕೆ.

ಇಂಥ ಪಟ್ಟಿ ನಮಗೆ ಹೊಸದೇನಲ್ಲ. ಚಂದ್ರವಳ್ಳಿಗೆ ಹೋದವರು ಭೈರವೇಶ್ವರ ಗುಡಿ ಹತ್ತಿರದ ಬಂಡೆ ನೋಡಿರುತ್ತೀರಿ. ಮಯೂರಶರ್ಮ ಕೆರೆ ಕಟ್ಟಿಸಿದ್ದನ್ನು ಹೇಳುವ ಚಿಕ್ಕ ಪ್ರಾಕೃತ ಶಾಸನ ಅದು, ಬ್ರಾಹ್ಮಿ ಲಿಪಿ. ಪುರಾತತ್ವಜ್ಞ ಎಂ.ಎಚ್. ಕೃಷ್ಣ ಅವರು ಓದಿದಂತೆ ಅವನಿಗೆ ಸೋತವರ ಸಾಲು ಇದು: ತ್ರೈಕೂಟ, ಆಭೀರ, ಪಲ್ಲವ, ಪಾರಿಯಾತ್ರಿಕ, ಶಕಸ್ಥಾನ, ಸೇಂದ್ರಕ, ಪುನ್ನಾಟ, ಮೌಖರಿ. ರಾಜಮನೆತನ, ಪಂಗಡ, ಸೀಮೆ ಎಲ್ಲ ಒಂದೇ ಸಾಲಿನಲ್ಲಿ. ಯಾರನ್ನು ಗೆದ್ದ ಎಂದು ಹೇಳಲು ಅಷ್ಟು ಸಾಕಾಯಿತು. ನಿಮ್ಮ ಬಟನ್ ಕೇಳುತ್ತಿರುವುದೂ ‘ನೀವು ಯಾರ ಕಡೆ’ ಎಂದಷ್ಟೇ.

ಅದಕ್ಕೇ ‘ನಾಡವರು’ ಹಾಕಿ. ಕವಿರಾಜಮಾರ್ಗದಲ್ಲಿ ‘ನಾಡವರ್ಗಳ್’ ಇದೆ, ಹೊಸದಾಗಿ ಹೊಸೆಯಬೇಕಿಲ್ಲ. ‘ಹಿಟ್ಟೈಟರು ದಾಳಿ ಮಾಡಿದರು’ ಅಂದಾಗ ಕ್ರಿಯಾಪದವೂ ತಾನಾಗಿ ಹೊಂದಿಕೊಳ್ಳುತ್ತೆ. ಇನ್ನು ‘ಈಜಿಪ್ಷಿಯನ್ನರು’, ‘ಬ್ಯಾಬಿಲೋನಿಯನ್ನರು’ ಎಂದು ಇಂಗ್ಲಿಷ್ ಪ್ರತ್ಯಯದ ಮೇಲೆ ನಮ್ಮದೊಂದನ್ನು ಹೇರಬೇಡಿ. ಈಜಿಪ್ಟಿನವರು, ಬ್ಯಾಬಿಲೋನಿನವರು, ಸುಮೇರಿನವರು. ಗ್ರೀಕರು ರೂಢಿಯಲ್ಲಿದೆ, ಇರಲಿ. ಸಾತವಾಹನರು ಧಾರಾಳವಾಗಿ ಬರಲಿ. ಚಂದ್ರವಳ್ಳಿಯ ಮಣ್ಣಿನಲ್ಲಿ ಅವರ ಸೀಸದ ನಾಣ್ಯಗಳೂ ರೋಮಿನ ಬೆಳ್ಳಿ ನಾಣ್ಯಗಳೂ ಸಿಕ್ಕಿವೆ. ಹಳೇ ಆಟದ 1998ರ ವಿಸ್ತರಣೆಯಲ್ಲಿ ಬಂದ ರೋಮಿನವರನ್ನೂ ಸೇರಿಸಿದರೆ ಇಬ್ಬರ ನಡುವೆ ವ್ಯಾಪಾರ ಇಡಲು ಗಟ್ಟಿ ಆಧಾರ ಇದೆ.

ಹರಿಹರದಿಂದ:

ಅಂಕೋಲೆ ಕಡೆ ‘ನಾಡವರು’ ಒಂದು ಸಮುದಾಯದ ಹೆಸರು. ಅದನ್ನು ಯೋಚಿಸಿದಿರಾ?

ಚಿತ್ರದುರ್ಗದಿಂದ:

ಯೋಚಿಸಿದೆ. ಪರದೆ ಮೇಲೆ ಈಜಿಪ್ಟು, ಪರ್ಷಿಯಗಳ ಮೇಲ್ಗಡೆ ‘ನಾಡವರು’ ಎಂದಿದ್ದರೆ ಅಂಕೋಲೆಯವರಿಗೂ ಗೊಂದಲ ಆಗದು.

ಹೊಳಲ್ಕೆರೆಯಿಂದ:

‘ನಾಡವರು’ ಒಪ್ಪಿದೆ, ‘ಹೊಳಲಿಕೆ’ಯನ್ನು ಬೇರೆ ಕಡೆಗೆ ಇಟ್ಟುಕೊಳ್ಳುತ್ತೇನೆ. ಆದರೆ ‘ಶಿಲಾಯುಗ’ ಯಾಕೆ? ‘ಕಲ್ಲುಗಾಲ’ ಎನ್ನಿ. ಎರವಲು ಒಂದು ಕಡೆ ಬಿಟ್ಟುಕೊಂಡರೆ ಎಲ್ಲ ಕಡೆ ನುಗ್ಗುತ್ತದೆ.

ಹರಿಹರದಿಂದ:

ನುಗ್ಗಿ ಎಷ್ಟೋ ಕಾಲವಾಯಿತು. ದಾವಣಗೆರೆ ಎಪಿಎಂಸಿ ಯಾರ್ಡಿನಲ್ಲಿ ದಲ್ಲಾಳಿ, ಹಮಾಲಿ, ಮಂಡಿ ಎಂಬ ಮಾತು ಬಿಟ್ಟು ಒಂದು ಚೀಲ ಮೆಕ್ಕೆಜೋಳ ಮಾರಿ ತೋರಿಸಿ. ಕನ್ನಡ ಅದರಿಂದ ಸೊರಗಿಲ್ಲ.

ಹೊಳಲ್ಕೆರೆಯಿಂದ:

ಎರಡನ್ನೂ ಒಂದೇ ತಕ್ಕಡಿಯಲ್ಲಿ ಹಾಕಬೇಡಿ. ದಲ್ಲಾಳಿ, ಹಮಾಲಿ ವ್ಯಾಪಾರದ ಜೊತೆ ಬಂದವು, ಓದು ಬರಹ ಇಲ್ಲದವರ ಬಾಯಲ್ಲೂ ಬೇರೂರಿದವು. ‘ನಾಗರಿಕತೆ’ ಬಂದದ್ದು ಪಠ್ಯಪುಸ್ತಕ ಬರೆದವರ ಮೇಜಿನಿಂದ. ಸಂತೆಯಲ್ಲಿ ‘ಅನಾಗರಿಕ’ ಎಂಬ ಬೈಗುಳ ಕೇಳುತ್ತದೆ, ‘ನಾಗರಿಕತೆ’ ಕೇಳುವುದಿಲ್ಲ. ನನ್ನ ತಕರಾರು ಎರವಲಿನ ಮೇಲಲ್ಲ, ಯಾರೂ ಆಡದ ಎರವಲಿನ ಮೇಲೆ.

ಹರಿಹರದಿಂದ:

‘ಕಲ್ಲುಗಾಲ’ ಯಾರು ಆಡುತ್ತಾರೆ?

ದಾವಣಗೆರೆಯಿಂದ:

ಎಲ್ಲರಿಗೂ ವಂದನೆ. ಬಟನ್ನಿಗೂ ದಾಳಿಯ ಸಂದೇಶಗಳಿಗೂ ‘ನಾಡವರು’ ಮತ್ತು ‘-ನವರು’ ಹಾಕಿ ಈಗಷ್ಟೇ ಕಳಿಸಿದೆ. ಸಾತವಾಹನರೂ ರೋಮಿನವರೂ ಪಟ್ಟಿಯಲ್ಲಿದ್ದಾರೆ. ಮಿನೋವನರನ್ನು ‘ಕ್ರೀಟಿನವರು’ ಮಾಡಿದೆ. ಇತಿಹಾಸ ಹೇಳುವ ಪುಟದಲ್ಲಿ ‘ನಾಗರಿಕತೆ’ ಹಾಗೇ ಉಳಿದಿದೆ, ಶಿಲಾಯುಗವೂ ಸಹ. ಅದರ ಮುಂದಿನ ‘ಟೂಲ್ ಏಜ್’ಗೆ ಸದ್ಯಕ್ಕೆ ‘ಹತ್ಯಾರ ಯುಗ’ ಅಂತ ಬರೆದಿದ್ದೇನೆ. ಬೇಡ ಅನ್ನುವವರು ಶುಕ್ರವಾರದೊಳಗೆ ಬೇರೆ ಪದ ಕೊಡಿ.